ಗಂಟೆಗಂಟೆಗೂ ಬೆಳೆಯುವ ಕಡಲು

ಕೇಳುಗರೆಲ್ಲರಿಗೂ ನಮಸ್ಕಾರ.

ನೌಕಾಪಡೆಯಿಂದ ನಿವೃತ್ತನಾಗಿ ಮೈಸೂರಿಗೆ ಮರಳಿದ ಮೇಲೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜೊತೆಗೆ ನಡೆಯುವ ಹಿರಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಕಾಲು ಕಿಲೋಮೀಟರ್ ಉದ್ದದ ಯುದ್ಧನೌಕೆ ಬಟ್ಟಬಯಲಾದ ಕಡಲಿನಲ್ಲಿ ವಿಮಾನದ ಕಣ್ಣಿಗೆ ಬೀಳದಿರುವುದು ಹೇಗೆ ಸ್ವಾಮಿ? ಹತ್ತಾರು ಸಲ ಉತ್ತರಿಸಿದ್ದೇನೆ. ಇಂದು ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಹುಡುಕಬೇಕಾದ ಕಡಲು ಗಂಟೆಗಂಟೆಗೂ ಬೆಳೆಯುತ್ತದೆ.

ಕಣ್ಮರೆಯಾದ ಹಡಗು ಗಂಟೆಗೆ 37 ಕಿಲೋಮೀಟರ್ ಸಾಗುತ್ತಿದೆ, ಯಾವ ದಿಕ್ಕಿಗೆಂದು ತಿಳಿಯದು ಎಂದಿಟ್ಟುಕೊಳ್ಳಿ. ನಮ್ಮ ಅರಮನೆಯನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯಿರಿ. ಒಂದು ಗಂಟೆಗೆ ಶ್ರೀರಂಗಪಟ್ಟಣ, ನಂಜನಗೂಡುಗಳು ಅದರೊಳಗೆ ಬರುತ್ತವೆ. ಹತ್ತು ಗಂಟೆಗೆ ಹಂಪಿಯೂ ಬರುತ್ತದೆ. ದೂರ ಹತ್ತರಷ್ಟಾದರೆ ವಿಸ್ತೀರ್ಣ ನೂರರಷ್ಟಾಗುತ್ತದೆ. ದಯವಿಟ್ಟು ಈ ನೂರನ್ನು ಮರೆಯಬೇಡಿ.

ಎರಡನೆಯ ಮಹಾಯುದ್ಧದಲ್ಲಿ ಇದೇ ಆಯಿತು. 1941ರ ಮೇ 24ರಂದು ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯು ಬ್ರಿಟನ್ನಿನ ಹುಡ್ ನೌಕೆಯನ್ನು ಮುಳುಗಿಸಿತು. ಅದರಲ್ಲಿದ್ದ 1,418 ಮಂದಿಯಲ್ಲಿ ಉಳಿದವರು ಮೂವರು. ಆದರೆ ಬಿಸ್ಮಾರ್ಕಿಗೂ ಪೆಟ್ಟು ಬಿದ್ದು ಇಂಧನ ಸೋರತೊಡಗಿತ್ತು. ರೇಡಾರ್ ಹಿಡಿದು ಅದರ ಬೆನ್ನು ಹತ್ತಿದ್ದ ಸಫೋಕ್ ಎಂಬ ಬ್ರಿಟಿಷ್ ಕ್ರೂಸರು ಯುದ್ಧನೌಕೆ ಜಲಾಂತರ್ಗಾಮಿಗಳಿಗೆ ಅಂಜಿ ಅಂಕುಡೊಂಕಾಗಿ ಚಲಿಸುತ್ತಿತ್ತು. ಒಂದು ತಿರುವಿನ ಕೊನೆಯಲ್ಲಿ ಶತ್ರುವನ್ನು ಕಳೆದುಕೊಂಡು, ಮರುತಿರುವಿನಲ್ಲಿ ಮತ್ತೆ ಹಿಡಿಯುತ್ತಿತ್ತು. ಮೇ 25ರ ನಸುಕಿನ 3 ಗಂಟೆಯ ಸುಮಾರಿಗೆ ಬಿಸ್ಮಾರ್ಕ್ ಸುತ್ತು ಹಾಕಿ ಹಿಂದಿನಿಂದ ಜಾರಿಕೊಂಡಿತು. ಮರುತಿರುವಿನಲ್ಲಿ ರೇಡಾರ್ ಪರದೆ ಬರಿದಾಗಿತ್ತು.

ಇಲ್ಲೊಂದು ವಿನೋದವಿದೆ. ತಾನು ತಪ್ಪಿಸಿಕೊಂಡೆನೆಂಬುದು ಜರ್ಮನ್ ಅಡ್ಮಿರಲ್ ಲ್ಯೂಟ್ಯೆನ್ಸರಿಗೇ ಗೊತ್ತಾಗಲಿಲ್ಲ. ಅವರು ಬೆಳಿಗ್ಗೆ ದೀರ್ಘವಾದ ರೇಡಿಯೊ ಸಂದೇಶ ಕಳುಹಿಸಿದರು. ಅದು ಬಂದ ದಿಕ್ಕನ್ನು ಬ್ರಿಟನ್ನಿನ ಕೇಂದ್ರಗಳು ಅಳೆದವು. ಇಷ್ಟು ಸಿಕ್ಕಮೇಲೆ ಇನ್ನೇನು ಬೇಕು ಎನ್ನುವಿರಿ. ಆದರೆ ಬ್ರಿಟಿಷ್ ದಂಡನಾಯಕನ ಹಡಗಿನಲ್ಲಿ ಆ ದಿಕ್ಕುಗಳನ್ನು ತಪ್ಪಾಗಿ ಗುರುತಿಸಿದರು. ಬಿಸ್ಮಾರ್ಕ್ ಆಗ್ನೇಯಕ್ಕೆ, ಫ್ರಾನ್ಸಿನತ್ತ ಸಾಗಿದ್ದಾಗ, ಹುಡುಕುವವರು ಗಂಟೆಗಟ್ಟಲೆ ಈಶಾನ್ಯಕ್ಕೆ ಓಡಿದರು. ವೃತ್ತವಂತೂ ಬೆಳೆಯುತ್ತಲೇ ಇತ್ತು.

ಉತ್ತರ ಐರ್ಲೆಂಡಿನಿಂದ ಹಾರಿದ ಬ್ರಿಟನ್ನಿನ ಕ್ಯಾಟಲಿನಾ ವಿಮಾನವು ಬಿಸ್ಮಾರ್ಕನ್ನು ಮತ್ತೆ ಕಂಡದ್ದು 26ರ ಬೆಳಿಗ್ಗೆ 10.30ಕ್ಕೆ, ಅಂದರೆ ಸುಮಾರು 31 ಗಂಟೆಗಳ ನಂತರ. ಅಷ್ಟು ಹೊತ್ತಿಗೆ ಅರಮನೆಯ ವೃತ್ತದೊಳಗೆ ಮುಂಬೈಯೂ ಇಡೀ ಶ್ರೀಲಂಕೆಯೂ ಸೇರಿರುತ್ತವೆ! ಇಂಧನ ಸೋರುತ್ತಿರುವ ಹಡಗು ಫ್ರಾನ್ಸಿನ ಬಂದರನ್ನೇ ಅರಸುತ್ತದೆಂಬ ಊಹೆಯು ಆ ಮಹಾವೃತ್ತವನ್ನು ಒಂದು ಸೀಳಿಗೆ ಇಳಿಸಿದ್ದರಿಂದಲೇ ವಿಮಾನ ಅಲ್ಲಿಗೆ ಹೋಯಿತು. ಅಂದು ಸಂಜೆ ಸ್ವೋರ್ಡ್‌ಫಿಶ್ ವಿಮಾನವೊಂದರ ಟಾರ್ಪಿಡೊ ಚುಕ್ಕಾಣಿಯನ್ನು ಕೆಡಿಸಿತು. ಮರುದಿನ ಬಿಸ್ಮಾರ್ಕ್ ಮುಳುಗಿತು.

ಬಿಸ್ಮಾರ್ಕ್ ಎಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಪಗ್ರಹಗಳಿಂದ ಹಡಗು ಹುಡುಕುವ ಮಾತನ್ನು ಹೊತ್ತಿಲ್ಲದೆ ಬಿಡಬೇಕಾಯಿತು. ನಮ್ಮದೇ ಕಡಲಿನ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. 1971ರ ಡಿಸೆಂಬರ್ 9ರಂದು ದೀವ್ ಸಮೀಪ ನಮ್ಮ ಖುಕ್ರಿ ನೌಕೆಯನ್ನು ಮುಳುಗಿಸಿದ ಪಾಕಿಸ್ತಾನದ ಹ್ಯಾಂಗೊರ್ ಜಲಾಂತರ್ಗಾಮಿಯನ್ನು ನಮ್ಮ ಹಡಗುಗಳೂ ವಿಮಾನಗಳೂ ದಿನಗಟ್ಟಲೆ ಹುಡುಕಿದವು. ಅದರ ವೃತ್ತ ನಿಧಾನವಾಗಿಯೇ ಬೆಳೆಯುತ್ತಿತ್ತು, ಆದರೆ ನೀರಿನಡಿ ಇದ್ದುದರಿಂದ ವಿಮಾನದಿಂದ ನೋಡಲು ಏನೂ ಇರಲಿಲ್ಲ. ಅದು ಕರಾಚಿ ಸೇರಿತು.

ನಮಸ್ಕಾರ.