ತೋಟದ ಕೋವಿ ಮತ್ತು ಹಕ್ಕಿನ ಮಾತು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಬಂದರೆ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಹೋಟೆಲುಗಳಲ್ಲೂ ಚರ್ಚೆ ಶುರುವಾಗುತ್ತದೆ. "ಅಲ್ಲಿ ಕೋವಿ ಹಕ್ಕಂತೆ. ಇಲ್ಲಿ ಹಂದಿ ಓಡಿಸಲಿಕ್ಕೂ ಲೈಸೆನ್ಸಿಗೆ ಅಲೆಯಬೇಕು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಸಿಟ್ಟು ನ್ಯಾಯದ್ದೇ. ಆದರೆ ಅಲ್ಲಿನ ಜಗಳ ಬೇರೆ, ನಮ್ಮದು ಬೇರೆ.

ಅಮೆರಿಕದವರದು 1791ರಿಂದ ನಡೆದು ಬಂದದ್ದು. ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿಗೆ ಕೈ ಹಾಕಬಾರದು ಎನ್ನುತ್ತದೆ ಅವರ ಸಂವಿಧಾನದ ಎರಡನೇ ತಿದ್ದುಪಡಿ. ಅದೇ ವಾಕ್ಯದಲ್ಲಿ ನಾಗರಿಕರ ಕಾವಲು ಪಡೆಯ ಪ್ರಸ್ತಾಪವೂ ಇದೆ. ಹಾಗಾದರೆ ಹಕ್ಕು ಪಡೆಗೋ, ಒಬ್ಬೊಬ್ಬ ಮನುಷ್ಯನಿಗೋ? ಒಬ್ಬೊಬ್ಬನಿಗೂ ಉಂಟು ಎಂದು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಐವರು ನ್ಯಾಯಾಧೀಶರು ಹೌದು ಎಂದರು, ನಾಲ್ವರು ಅಲ್ಲ ಎಂದರು. 2018ರ ಒಂದು ಅಂದಾಜಿನಂತೆ ಅಲ್ಲಿ 100 ಜನರಿಗೆ 120 ಕೋವಿಗಳಿವೆ. ಮಕ್ಕಳನ್ನೂ ಸೇರಿಸಿ ಲೆಕ್ಕ, ನೋಡಿ.

ನಮ್ಮಲ್ಲೂ ಆ ಹಕ್ಕನ್ನು ಕೇಳಿದವರು ಇದ್ದರು. 1878ರಲ್ಲಿ ಬ್ರಿಟಿಷರು ಭಾರತೀಯರ ಕೋವಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟರು. ಆ ಅವಮಾನ ಒಳಗೇ ಉಳಿದಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತು. 1948ರ ಡಿಸೆಂಬರಿನಲ್ಲಿ ಅದನ್ನು ಸಂವಿಧಾನ ಸಭೆಯಲ್ಲಿ ಮತ್ತೆ ಎತ್ತಿದವರು ಹರಿ ವಿಷ್ಣು ಕಾಮತ್. ಹುಟ್ಟಿದ್ದು ಮಂಗಳೂರಿನಲ್ಲಿ. ಆಗ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು ಅಲ್ವಾ, ಹಾಗಾಗಿ ನಮ್ಮ ಜಿಲ್ಲೆಯವರೇ ಎನ್ನಬಹುದು. ಅಂಬೇಡ್ಕರ್ ಒಪ್ಪಲಿಲ್ಲ. ಇದನ್ನು ಹಕ್ಕು ಮಾಡಿದರೆ ಅಪರಾಧವೇ ಕಸುಬಾದವರೂ ಬಂದು ಕೇಳುತ್ತಾರೆ ಎಂಬುದು ಅವರ ಆತಂಕ. ಕಾಮತರು ತಂದ ತಿದ್ದುಪಡಿ ಬಿದ್ದುಹೋಯಿತು.

ಅಂಬೇಡ್ಕರ್ ಮಾಡಿದ್ದೇ ಸರಿ ಎಂದು ನನಗನ್ನಿಸುತ್ತದೆ. ಗಡಿತಂಟೆ, ಕುಡಿತ, ದಾಯಾದಿ ಜಗಳ ಇಲ್ಲದ ಊರು ಯಾವುದು? ಅಂಥ ಜಗಳದ ನಡುವೆ ಗೋಡೆಯ ಮೇಲೊಂದು ತುಂಬಿದ ಕೋವಿ ಇದ್ದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಕೃಷಿಕನಿಗೆ ಕಾನೂನು ಬಾಗಿಲು ಮುಚ್ಚಿಲ್ಲ. 1959ರ ಆಯುಧ ಕಾಯಿದೆಯ 13ನೇ ಸೆಕ್ಷನ್ ಓದಿ. ನಿಜವಾಗಿ ಬೆಳೆ ಕಾಯಲಿಕ್ಕೆ ಎಂದು ಒಬ್ಬ ಭಾರತೀಯ ಪ್ರಜೆ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಕಾಯಿದೆಯಲ್ಲೇ ಹೇಳಿದ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡತಕ್ಕದ್ದು ಎಂದಿದೆ. ಕೊಡಬಹುದು ಎಂದಲ್ಲ. ಅದು ಸಾಲದಿದ್ದರೆ ತೋಟೆ (ಕಾರ್ಟ್ರಿಜ್) ಹಾಕುವ ಕೋವಿಗೂ ದಾರಿ ಇದೆ. ಪಾಣತ್ತೂರು ದಾಟಿ ಕೊಡಗಿಗೆ ಹೋದರೆ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ. 2029ರವರೆಗೆ ಆ ವಿನಾಯಿತಿ ಉಂಟು. ಅದು ಅವರ ಚರಿತ್ರೆ, ನಾವು ಹೊಟ್ಟೆಕಿಚ್ಚು ಪಡುವುದು ಬೇಡ.

ಹಂದಿಯ ಉಪದ್ರ ಎಷ್ಟೆಂದು ದೇಲಂಪಾಡಿ, ಕಾರಡ್ಕ, ಎಣ್ಮಕಜೆಯವರಿಗೆ ನಾನು ಹೇಳಬೇಕಾಗಿಲ್ಲ. ಮರಗೆಣಸು ಹೋಯಿತು, ಬಾಳೆ ಹೋಯಿತು, ಕೊನೆಗೆ ಅಡಿಕೆ ಸಸಿಯ ಬುಡವನ್ನೂ ಬಿಡಲಿಲ್ಲ. 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಪಟ್ಟ ಕೊಟ್ಟಿತು. ಉಪದ್ರ ಕೊಡುವ ಹಂದಿಯನ್ನು ಲೈಸೆನ್ಸಿನ ಕೋವಿ ಇದ್ದವರಿಂದ ಹೊಡೆಸಲು ಅವರೇ ಹೇಳಬಹುದು. ವಿಷ, ಸಿಡಿಮದ್ದು, ಕರೆಂಟು ಮಾತ್ರ ಕೂಡದು. ಒಳ್ಳೆಯ ಆದೇಶವೇ. ಆದರೆ ಹೊಡೆಯುವವರು ಎಲ್ಲಿದ್ದಾರೆ? ಕೋವಿ ಇರುವ ಅಜ್ಜನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣುವ ಮೊಮ್ಮಗ ಬೆಂಗಳೂರಿನಲ್ಲೋ ದುಬಾಯಿಯಲ್ಲೋ. ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದವನು ಪೊಲೀಸು ವರದಿಗಾಗಿ ಕಾಯುತ್ತಿರುತ್ತಾನೆ. ಹಂದಿ ಕಾಯುವುದಿಲ್ಲ. ಬೇಸತ್ತು ಬೇಲಿಗೆ ಕರೆಂಟು ಕೊಟ್ಟವರಿದ್ದಾರೆ. ಅದಕ್ಕೆ ಸಿಕ್ಕಿ ಸತ್ತದ್ದು ಹಂದಿ ಮಾತ್ರವಲ್ಲ, ಮನುಷ್ಯರೂ. ಹಗ್ಗ ಕಟ್ಟಿ ತಾನಾಗಿ ಗುಂಡು ಹಾರುವಂತೆ ಇಡುವ ಕಳ್ಳ ಕೋವಿಯ ಕಥೆಯೂ ಹಾಗೆಯೇ.

ಹಾಗಾಗಿ ನನ್ನ ತಕರಾರು ಲೈಸೆನ್ಸಿನ ಮೇಲಲ್ಲ, ಅದರ ತಡದ ಮೇಲೆ. ವಿಚಾರಣೆ ಬಿಗಿಯಾಗಿಯೇ ಇರಲಿ, ಕೋವಿ ಹಿಡಿಯುವ ತರಬೇತಿಯೂ ಇರಲಿ. ಆದರೆ ಕೊಡುವುದೋ ಇಲ್ಲವೋ, ಉತ್ತರ ಬೆಳೆ ಹೋಗುವ ಮೊದಲು ಬರಬೇಕು.

ಚುನಾವಣೆ ಬಂತೆಂದರೆ ಠಾಣೆಯಲ್ಲಿ ಕೋವಿ ಇಡಲು ಹೇಳುತ್ತಾರಲ್ಲ, ಅದರ ಬಗ್ಗೆಯೂ ಒಂದು ಮಾತು. ಎಲ್ಲರದ್ದೂ ಕಟ್ಟಿಡಿ ಎಂದು ಚುನಾವಣಾ ಆಯೋಗದ ಸೂಚನೆ ಹೇಳುವುದಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸೇರಿದವರು, ಇಂಥವರನ್ನು ಮುಖ್ಯವಾಗಿ ನೋಡಿ, ಯಾರ ಕೋವಿ ಇಡಿಸಬೇಕೆಂದು ಜಿಲ್ಲೆಯ ಪರಿಶೀಲನಾ ಸಮಿತಿ ತೀರ್ಮಾನಿಸಬೇಕು. ನಿಮ್ಮದು ಬೆಳೆ ಕಾಯುವ ಕೋವಿಯಾದರೆ ಚುನಾವಣೆ ಘೋಷಣೆಯಾದ ಕೂಡಲೇ ಆ ಸಮಿತಿಗೆ ಬರಹದಲ್ಲಿ ತಿಳಿಸಿ. ಆದರೂ ಇಡಲೇಬೇಕಾಗಿ ಬಂದರೆ, ಕೋವಿಯ ನಂಬರು ಬರೆದ ರಶೀದಿ ಕೈಗೆ ಸಿಗದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ನಮಸ್ಕಾರ.