ಅಗೆದು ನೋಡುವ ಆಸೆ

ನಮಸ್ಕಾರ.

ಟೊಮೇಟೊ, ಬದನೆ ಬೆಳೆಯುವವರಿಗೆ ಒಂದು ಸುಖ ಇದೆ. ಬೆಳಿಗ್ಗೆ ಎದ್ದು ಗಿಡದ ಹತ್ತಿರ ಹೋದರೆ ಸಾಕು. ಕಾಯಿ ಎಷ್ಟು ಬಿಟ್ಟಿದೆ, ಹುಳ ಬಿದ್ದಿದೆಯಾ, ಕೀಳಲು ಇನ್ನೆಷ್ಟು ದಿನ ಬೇಕು, ಎಲ್ಲವೂ ಕಣ್ಣಿಗೇ ಕಾಣುತ್ತದೆ. ಗೆಡ್ಡೆ ಬೆಳೆಯುವವರಿಗೆ ಆ ಸುಖ ಇಲ್ಲ. ಎಂಟು ಒಂಬತ್ತು ತಿಂಗಳು ನೀರು ಹಾಕಿ, ಗೊಬ್ಬರ ಹಾಕಿ, ಕಳೆ ಕಿತ್ತು, ಮಣ್ಣಿನ ಕೆಳಗೆ ಏನಾಗುತ್ತಿದೆ ಅಂತ ಗೊತ್ತಿಲ್ಲದೆ ಕಾಯಬೇಕು. ನನಗೋ ಕಾಯುವುದು ಬರುತ್ತಲೇ ಇರಲಿಲ್ಲ.

ಮೊದಲ ಸಲ ಸುವರ್ಣಗೆಡ್ಡೆ ನೆಟ್ಟ ವರ್ಷದ ಕಥೆ ಹೇಳುತ್ತೇನೆ. ನೆಟ್ಟು ತಿಂಗಳಾದ ಮೇಲೆ ಮಣ್ಣು ಸೀಳಿಕೊಂಡು ಒಂದು ಮೊಳಕೆ ಬಂತು. ನೋಡನೋಡುತ್ತಾ ಮೊಣಕಾಲೆತ್ತರ, ಸೊಂಟದೆತ್ತರ ಆಯಿತು. ಮೈಯೆಲ್ಲ ಬಿಳಿ ಮಚ್ಚೆಯ ಹಸಿರು ದಂಟು, ಮೇಲೆ ಬಿಚ್ಚಿದ ಕೊಡೆ. ಅದನ್ನು ಗಿಡ ಅಂತ ನಾವು ಕರೆಯುತ್ತೇವೆ, ಅಷ್ಟೆ. ನಿಜವಾಗಿ ಅದು ಒಂದೇ ಒಂದು ಎಲೆ. ದಂಟು ಎಂದುಕೊಂಡದ್ದು ಆ ಎಲೆಯ ತೊಟ್ಟು. ಕಾಂಡ ಇರುವುದು ಮಣ್ಣಿನ ಒಳಗೆ. ನಾವು ತಿನ್ನುವ ಗೆಡ್ಡೆಯೇ ಅದರ ಕಾಂಡ!

ಮೇಲೆ ಇಷ್ಟು ದೊಡ್ಡ ಕೊಡೆ ಇದ್ದರೆ ಕೆಳಗೆ ಎಷ್ಟು ದೊಡ್ಡ ಗೆಡ್ಡೆ ಇರಬೇಡ? ಎರಡೂವರೆ ತಿಂಗಳಿಗೆ ತಡೆಯಲಾಗಲಿಲ್ಲ. ಸುಮ್ನೆ ಒಂದು ಸಲ ಇಣುಕಿ ನೋಡಿ ಮತ್ತೆ ಮುಚ್ಚಿಬಿಡೋಣ ಅಂತ ಕುರ್ಪಿ ಹಿಡಿದು ಬುಡದ ಮಣ್ಣು ಕೆರೆದೆ. ಬಿಳಿಬಿಳಿ ಬೇರುಗಳು ಪಟಪಟ ಹರಿದವು. ಇನ್ನೂ ಕೆರೆದೆ. ನಾನು ನೆಟ್ಟಿದ್ದ ತುಂಡು ಹಳೇ ಚೀಲದಂತೆ ಸುಕ್ಕುಗಟ್ಟಿ ಕೂತಿತ್ತು. ಅದರ ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಹೊಸ ಗೆಡ್ಡೆ. ಮುಚ್ಚಿ ನೀರು ಹಾಕಿದೆ. ವಾರದೊಳಗೆ ಕೊಡೆ ಒಂದು ಕಡೆಗೆ ವಾಲಿ ಬಿದ್ದುಹೋಯಿತು.

ಆಮೇಲೆ ತಿಳಿಯಿತು. ಈ ಗೆಡ್ಡೆಗೆ ಬೇರು ಹೊರಡುವುದು ತಳದಿಂದಲ್ಲ, ನೆತ್ತಿಯಿಂದ, ಮೊಳಕೆಯ ಬುಡದ ಸುತ್ತ. ಅಂದರೆ ಮೇಲಿನಿಂದ ಕೆರೆದರೆ ಮೊದಲು ಸಿಗುವುದೇ ಅದರ ಬಾಯಿ. ನಾನು ಸರಿಯಾಗಿ ಅಲ್ಲಿಗೇ ಕುರ್ಪಿ ಹಾಕಿದ್ದೆ. ಮತ್ತೆ ಅದು ಮೊದಲು ಹಳೆ ತುಂಡನ್ನು ತಿಂದು ಎಲೆ ಮಾಡುತ್ತದೆ. ಎಲೆ ದುಡಿದದ್ದು ಹೊಸ ಗೆಡ್ಡೆಗೆ ಸೇರುತ್ತದೆ. ಎಲೆ ಹಳದಿಯಾಗಿ, ತೊಟ್ಟು ಮೆತ್ತಗಾಗಿ, ತಾನಾಗಿಯೇ ಒರಗುವವರೆಗೂ ಆ ಲೆಕ್ಕ ಮುಗಿದಿರುವುದಿಲ್ಲ. ಒರಗಿ ಒಣಗಿದ ಮೇಲೆ ಅಗೆಯಿರಿ. ಅದಕ್ಕೆ ಸುಮಾರು ಎಂಟು ಒಂಬತ್ತು ತಿಂಗಳು ಬೇಕು.

ನೆಡುವುದು ಕಷ್ಟವೇನಲ್ಲ. ಒಂದೂವರೆಯಿಂದ ಎರಡು ಅಡಿ ಗುಣಿ, ಅರ್ಧ ಭಾಗ ಚೆನ್ನಾಗಿ ಕಳಿತ ಗೊಬ್ಬರ ಮತ್ತು ಸಡಿಲ ಮಣ್ಣು. ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ತುಂಡು. ಮುಖ್ಯವಾದದ್ದು ಒಂದೇ. ಗೆಡ್ಡೆಯ ನಡು ನೆತ್ತಿಯಲ್ಲಿ ಗುಂಡಗೆ ಒಂದು ಕಣ್ಣು ಇರುತ್ತದೆ. ಕಲ್ಲಂಗಡಿ ಹೋಳು ಮಾಡುವ ಹಾಗೆ, ಪ್ರತಿ ಹೋಳಿಗೂ ಆ ಕಣ್ಣಿನ ಒಂದು ಚೂರು ಬರುವಂತೆ ಕೊಯ್ಯಬೇಕು. ಕೊಯ್ದ ಜಾಗಕ್ಕೆ ಬೂದಿ ಸವರಿ, ಒಂದೆರಡು ದಿನ ನೆರಳಲ್ಲಿ ಆರಿಸಿ, ಆಮೇಲೆ ನೆಡಿ. ನೀರು ನಿಲ್ಲುವ ಜಾಗ ಮಾತ್ರ ಬೇಡ, ಕೊಳೆತುಹೋಗುತ್ತದೆ. ಎರಡನೇ ವರ್ಷ ನಾನು ಆ ಕಡೆ ತಲೆಯೇ ಹಾಕಲಿಲ್ಲ. ಮೂರೂವರೆ ಕಿಲೋ ಬಂತು.

ಈಗ ಎಲ್ಲರೂ ಕೇಳುವ ಪ್ರಶ್ನೆ. ತುರಿಕೆ. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಅಂದ ಕೂಡಲೇ ಕೆಲವರು ಗಂಟಲು ಹಿಡಿದುಕೊಳ್ಳುತ್ತಾರೆ, ಅಲ್ವಾ? ಅದರಲ್ಲಿ ಭ್ರಮೆ ಏನೂ ಇಲ್ಲ. ಈ ಗೆಡ್ಡೆಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎನ್ನುವ ಲವಣ ಸೂಜಿಯ ಆಕಾರದಲ್ಲಿ, ಕಟ್ಟು ಕಟ್ಟಾಗಿ ಜೋಡಿಸಿ ಇಟ್ಟಿರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಹಸಿಯಾಗಿ ಕಚ್ಚಿದರೆ ಆ ಸೂಜಿಗಳು ನಾಲಿಗೆಗೆ, ಗಂಟಲಿಗೆ ನಾಟುತ್ತವೆ. ಯೋಚಿಸಿದರೆ ಗಿಡದ ತಪ್ಪಿಲ್ಲ. ಗೆಡ್ಡೆ ಅಂದರೆ ಮುಂದಿನ ವರ್ಷಕ್ಕೆ ಅದು ಕೂಡಿಟ್ಟ ಗಂಟು. ಹಂದಿ, ಹೆಗ್ಗಣ ಬಂದು ತಿಂದು ಹೋಗದಂತೆ ಕಾವಲು ಬೇಡವೇ? ನಾವೂ ಅದರ ಕಣ್ಣಿಗೆ ಒಂದು ಥರದ ಹೆಗ್ಗಣವೇ.

ಅಡುಗೆಮನೆಯಲ್ಲಿ ನಾನು ಮಾಡುವುದು ಹೀಗೆ. ತಂದ ದಿನವೇ ಹೆಚ್ಚುವುದಿಲ್ಲ. ಅಗೆದು ಕೆಲವು ವಾರ ಗಾಳಿಯಾಡುವ ಕಡೆ ಇಟ್ಟ ಗೆಡ್ಡೆ ಕಡಿಮೆ ತುರಿಸುತ್ತದೆ ಅನ್ನುವುದು ನನ್ನ ಅನುಭವ. ಕೈಗೆ ಎಣ್ಣೆ ಹಚ್ಚಿಕೊಂಡು, ನೀರು ತಾಗಿಸದೆ, ಒಣ ಗೆಡ್ಡೆಯ ಸಿಪ್ಪೆ ತೆಗೆಯುತ್ತೇನೆ. ಮೊದಲೇ ತೊಳೆದು ಒದ್ದೆ ಮಾಡಿಕೊಂಡರೆ ಕೈ ಜಾಸ್ತಿ ನವೆಯಾಗುತ್ತದೆ. ಸಿಪ್ಪೆ ದಪ್ಪಗೆ ಹೋಗಲಿ, ಜಿಪುಣತನ ಬೇಡ. ಹುಣಸೆ ನೀರಲ್ಲಿ ನೆನೆಸಿ, ಚೆನ್ನಾಗಿ ಬೇಯಿಸಿ, ಬೆಂದ ನೀರು ಚೆಲ್ಲುತ್ತೇನೆ. ಆಮೇಲೆ ಹುರಿಯಿರಿ, ಪಲ್ಯ ಮಾಡಿ, ಸಾರಿಗೆ ಹಾಕಿ, ನಿಮ್ಮಿಷ್ಟ. ಅರೆಬೆಂದ ಕೆಸುವಿನ ಗೆಡ್ಡೆಯನ್ನು ಅವಸರದಲ್ಲಿ ಬಾಯಿಗೆ ಹಾಕಿಕೊಂಡ ದಿನ ನಾನು ಸಂಜೆಯವರೆಗೂ ಮಾತಾಡಿರಲಿಲ್ಲ. ಮನೆಯವರು ಅದನ್ನು ಈಗಲೂ ಒಳ್ಳೆಯ ದಿನ ಅಂತ ನೆನೆಯುತ್ತಾರೆ. ಹಾಂ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ತೊಂದರೆ ಇರುವವರು ಈ ಗೆಡ್ಡೆಗಳ ವಿಷಯದಲ್ಲಿ ವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ.

ಮರಗೆಣಸಿನ ಕಾವಲು ಬೇರೆ ಥರ. ಅದರಲ್ಲಿ ಸೂಜಿ ಇಲ್ಲ, ವಿಷವೇ ಇದೆ. ಹಸಿ ಗೆಣಸನ್ನು ಜಜ್ಜಿದರೆ ಅಥವಾ ಕಚ್ಚಿದರೆ ಅದರೊಳಗಿನ ಲಿನಮರಿನ್ ಎನ್ನುವ ವಸ್ತು ಒಡೆದು ಸಯನೈಡ್ ಹೊರಬರುತ್ತದೆ. ಸಿಹಿ ತಳಿಗಳಲ್ಲಿ ಇದು ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಸಿಪ್ಪೆಯಲ್ಲಿ. ಕಹಿ ತಳಿಗಳಲ್ಲಿ ತಿರುಳಿನಲ್ಲೂ ಜಾಸ್ತಿ. ಮನೆ ತೋಟಕ್ಕೆ ಸಿಹಿ ತಳಿ ಎಂದು ಖಾತ್ರಿ ಇರುವ ಕಡ್ಡಿಯನ್ನೇ ತನ್ನಿ. ಗೇಣುದ್ದದ ಕಡ್ಡಿ ಊರಿದರೆ ಬರುತ್ತದೆ. ಹಸಿಯಾಗಿ ಒಂದು ಚೂರೂ ತಿನ್ನಬಾರದು. ಸಿಪ್ಪೆ ಪೂರ್ತಿ ತೆಗೆದು, ಸಣ್ಣ ತುಂಡು ಮಾಡಿ, ಬೇಕಾದಷ್ಟು ನೀರಿಟ್ಟು ಬೇಯಿಸಿ, ಆ ನೀರು ಚೆಲ್ಲಿ. ಇನ್ನೊಂದು, ಕಿತ್ತ ಮೇಲೆ ಎರಡು ಮೂರು ದಿನಕ್ಕೆ ಒಳಗೆ ನೀಲಿ ಕಪ್ಪು ಗೆರೆ ಮೂಡಿ ಹಾಳಾಗುತ್ತದೆ. ಆದ್ದರಿಂದ ಅಡುಗೆಗೆ ಬೇಕಾದಾಗ ಮಾತ್ರ ಕೀಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಗ್ಗೆಣಸು. ಇದು ಬಳ್ಳಿ. ಜಾಗ ಇಲ್ಲ ಅನ್ನುವವರಿಗೆ ಹೇಳಿ ಮಾಡಿಸಿದ್ದು, ಯಾಕೆಂದರೆ ಗೋಣಿಚೀಲದಲ್ಲಿ ಬೆಳೆಯಬಹುದು. ನೆಲದಲ್ಲಿ ನೆಟ್ಟರೆ ಗೆಡ್ಡೆ ಆಳಕ್ಕೆ ಇಳಿಯುತ್ತದೆ. ಅಗೆಯುವಾಗ ಹಾರೆ ತಗುಲಿ ಮುರಿಯುತ್ತದೆ, ಮುರಿದದ್ದು ಬೇಗ ಕೊಳೆಯುತ್ತದೆ. ಚೀಲದಲ್ಲಾದರೆ ಆ ರಗಳೆ ಇಲ್ಲ. ಸಿಮೆಂಟು ನೆಲದ ಮೇಲೆ ಒಂದು ದೊಡ್ಡ ಚೀಲ, ಮಣ್ಣು, ಗೊಬ್ಬರ, ಒಣಗೆಲೆ. ಕಾಲು ಕಿಲೋ ತುಂಡು. ಗೆಡ್ಡೆಯ ತಲೆಭಾಗದ ತುಂಡು ಬೇಗ ಮೊಳೆಯುತ್ತದೆ, ಬಾಲದ ಕಡೆಯದು ನಿಧಾನ. ಅಗೆದ ಹೊಸತರಲ್ಲಿ ನೆಟ್ಟರೆ ಎರಡೂ ಮೊಳೆಯುವುದಿಲ್ಲ. ಅದಕ್ಕೆ ಎರಡು ಮೂರು ತಿಂಗಳ ನಿದ್ದೆ ಬೇಕು.

ಬಳ್ಳಿ ಹಬ್ಬಲು ಹಗ್ಗ ಕಟ್ಟಿಕೊಡಬೇಕು. ಇಲ್ಲೊಂದು ಮಜಾ ಇದೆ. ಗಾಳಿಗೆ ಬಿದ್ದ ಬಳ್ಳಿಯನ್ನು ಒಮ್ಮೆ ಎತ್ತಿ ಹಗ್ಗಕ್ಕೆ ಸುತ್ತಿದೆ. ಮರುದಿನ ನೋಡಿದರೆ ತುದಿ ಬಿಚ್ಚಿಕೊಂಡು ಎದುರು ದಿಕ್ಕಿಗೆ ಸುತ್ತತೊಡಗಿತ್ತು. ಮತ್ತೆ ಸುತ್ತಿದೆ, ಮತ್ತೆ ಬಿಚ್ಚಿಕೊಂಡಿತು. ಈ ಕುಟುಂಬದ ಗೆಣಸುಗಳಲ್ಲಿ ಯಾವುದು ಯಾವ ಕಡೆಗೆ ಸುತ್ತಬೇಕು ಅನ್ನುವುದು ಹುಟ್ಟುಗುಣ. ಹೆಗ್ಗೆಣಸು ಒಂದು ಕಡೆಗೆ ಸುತ್ತಿದರೆ, ಬಳ್ಳಿಯಲ್ಲೇ ಕಾಯಿಯಂತೆ ಗೆಡ್ಡೆ ಬಿಡುವ ಅದರ ದಾಯಾದಿ ಇನ್ನೊಂದು ಕಡೆಗೆ. ಬಳ್ಳಿ ನೋಡಿ ಜಾತಿ ಗುರುತಿಸುವವರಿಗೆ ಇದೇ ಮೊದಲ ಸುಳಿವು. ಈ ಗುರುತು ಯಾಕೆ ಮುಖ್ಯ ಅಂದರೆ, ಕಾಡಿನಲ್ಲಿ ಬೆಳೆಯುವ ಇದೇ ಕುಟುಂಬದ ಕೆಲವು ಗೆಣಸುಗಳು ವಿಷ. ಎಲೆ ಒಂದೇ ಥರ ಇದೆ ಅಂತ ಗುರುತಿಲ್ಲದ ಗೆಡ್ಡೆ ತಂದು ಬೇಯಿಸಬೇಡಿ.

ಬಳ್ಳಿ ಪೂರ್ತಿ ಒಣಗಿದ ಮೇಲೆ ಚಾಕು ತಗೊಂಡು ಚೀಲದ ಹೊಟ್ಟೆ ಸೀಳುವುದು. ಮಣ್ಣು ಜರ್ರನೆ ಜಾರುತ್ತದೆ. ನಡುವೆ ಆನೆಯ ಪಾದದಂಥದ್ದೋ, ಕೈಬೆರಳು ಮಡಚಿದ ಮುಷ್ಟಿಯಂಥದ್ದೋ ಒಂದು ಆಕಾರ. ಎರಡು ವರ್ಷ ಒಂದೇ ಆಕಾರ ಬಂದದ್ದು ನಾನು ಕಂಡಿಲ್ಲ. ನೇರಳೆ ತಳಿಯಾದರೆ ಕೊಯ್ದಾಗ ಒಳಗೆ ಬೀಟ್‌ರೂಟನ್ನೂ ನಾಚಿಸುವ ಬಣ್ಣ. ಚಾಕುವಿಗೆ ಲೋಳೆ ಅಂಟುತ್ತದೆ, ಹೋಳು ಕೈಯಿಂದ ಜಾರುತ್ತದೆ, ಜೋಪಾನ. ಉಪ್ಪು ಹಾಕಿ ಬೇಯಿಸಿದರೆ ಸಾಕು. ಇದಕ್ಕೆ ಮಸಾಲೆ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ದೂರದ ಗೆಡ್ಡೆಗಳನ್ನೂ ಒಂದೆರಡು ಸಲ ಪ್ರಯತ್ನಿಸಿದ್ದೇನೆ. ಜೆರುಸಲೇಂ ಆರ್ಟಿಚೋಕ್ ಅಂತ ಒಂದಿದೆ. ಅದಕ್ಕೂ ಜೆರುಸಲೇಮಿಗೂ ಸಂಬಂಧ ಇಲ್ಲ, ಆರ್ಟಿಚೋಕ್ ಎನ್ನುವ ತರಕಾರಿಯೂ ಅಲ್ಲ. ಉತ್ತರ ಅಮೆರಿಕದ ಸೂರ್ಯಕಾಂತಿಯ ಜಾತಿ ಅದು. ಫ್ರೆಂಚರು ಇಟ್ಟ ಹೆಸರು ಇನ್ನೂ ತಮಾಷೆ. 1613ರಲ್ಲಿ ಬ್ರೆಜಿಲ್‌ನ ತುಪಿನಂಬಾ ಜನರಲ್ಲಿ ಕೆಲವರನ್ನು ಪ್ಯಾರಿಸ್‌ಗೆ ಕರೆತಂದಿದ್ದರು. ಅದೇ ಕಾಲದಲ್ಲಿ ಈ ಗೆಡ್ಡೆಯೂ ಹೊಸದಾಗಿ ಬಂದಿತ್ತು. ಜನ ಎರಡನ್ನೂ ಸೇರಿಸಿ ಗೆಡ್ಡೆಗೆ ತೋಪಿನಂಬೂರ್ ಅಂದುಬಿಟ್ಟರು. ಬೆಳೆಯುವುದು ತೀರಾ ಸುಲಭ, ಆಳೆತ್ತರ ದಾಟುತ್ತದೆ, ಹಳದಿ ಹೂ ಬಿಡುತ್ತದೆ. ಅಗೆಯುವಾಗ ಬೆರಳಷ್ಟು ಚೂರು ಉಳಿದರೂ ಮುಂದಿನ ವರ್ಷ ಮತ್ತೆ ಹಾಜರು. ರುಚಿಯೂ ಚೆನ್ನ. ಆ ಖುಷಿಯಲ್ಲಿ ನಾನು ಮೊದಲ ದಿನವೇ ತಟ್ಟೆ ತುಂಬ ತಿಂದೆ. ರಾತ್ರಿಯೆಲ್ಲ ಹೊಟ್ಟೆಯಲ್ಲಿ ಗುಡುಗು. ಅದರಲ್ಲಿ ಪಿಷ್ಟದ ಬದಲು ಇನ್ಯುಲಿನ್ ಎನ್ನುವ ಒಂದು ಥರದ ನಾರು ಇರುತ್ತದೆ. ಅದನ್ನು ನಾವು ಅರಗಿಸಲಾರೆವು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅರಗಿಸುತ್ತವೆ, ಗಾಳಿ ನಮಗೆ ಬಿಡುತ್ತವೆ. ಮೊದಲ ಸಲ ಎರಡು ತುಂಡು ಸಾಕು.

ಆಂಡಿಸ್ ಪರ್ವತದ ಯಾಕೋನ್ ಹಾಗೂ ಮೆಕ್ಸಿಕೋದ ಹಿಕಾಮಾ, ಇವೆರಡು ಹಸಿಯಾಗಿಯೇ ತಿನ್ನುವಂಥವು, ಕರಮ್ ಅಂತ ಕಚ್ಚಬಹುದು. ಯಾಕೋನಿನಲ್ಲಿ ಎರಡು ಥರದ ಗೆಡ್ಡೆ ಇರುತ್ತದೆ. ದೊಡ್ಡದು ತಿನ್ನಲು. ಬುಡಕ್ಕೆ ಅಂಟಿಕೊಂಡ ಕೆಂಪು ಕಣ್ಣಿನ ಗಂಟುಗಳು ನೆಡಲು. ದೊಡ್ಡದನ್ನೇ ನೆಟ್ಟರೆ ಮೊಳೆಯುವುದಿಲ್ಲ, ಕೊಳೆಯುತ್ತದೆ. ನಾನು ದೊಡ್ಡದನ್ನೇ ನೆಟ್ಟಿದ್ದೆ ಅಂತ ಬೇರೆ ಹೇಳಬೇಕೇ? ಹಿಕಾಮಾದಲ್ಲಿ ತಿನ್ನುವುದು ಗೆಡ್ಡೆ ಮಾತ್ರ. ಬೀಜದಲ್ಲಿ ರೋಟೆನೋನ್ ಎಂಬ ವಿಷ ಇದೆ, ಅವರೆಯಂಥ ಕಾಯಿ ಕಂಡು ಮೋಸಹೋಗಬೇಡಿ. ಹೂ ಬಂದಹಾಗೆ ಚಿವುಟಿದರೆ ಗೆಡ್ಡೆ ದಪ್ಪವಾಗುತ್ತದೆ.

ಮಕ್ಕಳಿರುವ ಮನೆಯಾದರೆ ಕೂವೆಗೆಡ್ಡೆ ಬೆಳೆಯಿರಿ. ತಿನ್ನುವುದಕ್ಕಿಂತ ಅದರ ಹಿಟ್ಟು ತೆಗೆಯುವುದು ನೋಡಲು ಚೆಂದ. ತೊಳೆದು, ಸಿಪ್ಪೆ ತೆಗೆದು, ತುರಿದು, ನೀರಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಹಾಲಿನಂಥ ನೀರು ಇಳಿಯುತ್ತದೆ. ಪಾತ್ರೆಯನ್ನು ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ಕಂದು ಬಣ್ಣದ ತಿಳಿ, ತಳದಲ್ಲಿ ಗಟ್ಟಿ ಬಿಳಿ ಪದರ. ತಿಳಿ ಬಸಿದು, ಹೊಸ ನೀರು ಹಾಕಿ ಕಲಕಿ, ಮತ್ತೆ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಮೇಲಿನ ನೀರು ಕನ್ನಡಿಯಂತಾಗುತ್ತದೆ. ಆ ಬಿಳಿ ಪದರವನ್ನು ಒಣಗಿಸಿ, ಪುಡಿಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಕಿರ್ ಅನ್ನುತ್ತದೆ. ಒಂದು ಬುಟ್ಟಿ ಗೆಡ್ಡೆಗೆ ಒಂದು ಡಬ್ಬಿ ಹಿಟ್ಟು ಸಿಕ್ಕರೆ ಹೆಚ್ಚು. ಲಾಭದ ಲೆಕ್ಕ ಹಾಕುವವರು ಈ ಕೆಲಸಕ್ಕೆ ಇಳಿಯಬೇಡಿ.

ಹೋದ ವಾರ ಸುವರ್ಣಗೆಡ್ಡೆಯ ಕೊಡೆ ಒರಗಿತು. ಅಗೆದೆ. ಒಂದು ಹೋಳು ಅಡುಗೆಮನೆಗೆ ಹೋಗಿದೆ. ಕಣ್ಣು ಇರುವ ಎರಡು ಹೋಳಿಗೆ ಬೂದಿ ಸವರಿ, ಮೆಟ್ಟಿಲ ಕೆಳಗಿನ ನೆರಳಲ್ಲಿ ಇಟ್ಟಿದ್ದೇನೆ. ಪಕ್ಕದ ಗುಣಿಯಲ್ಲಿ ಕೂವೆ ಇದೆ, ಎಲೆ ಇನ್ನೂ ಹಸಿರು. ಅದಕ್ಕೆ ಇನ್ನೊಂದು ತಿಂಗಳಾದರೂ ಬೇಕು. ಕುರ್ಪಿಯನ್ನು ಮನೆಯವರು ಎಲ್ಲೋ ಎತ್ತಿಟ್ಟಿದ್ದಾರೆ, ಕೇಳಿದರೂ ಹೇಳುತ್ತಿಲ್ಲ.

ನಮಸ್ಕಾರ.