ಬೆಚ್ಚಿ ಬೀಳುವ ಮಗು, ಹನ್ನೊಂದೂವರೆ ವರ್ಷದ ಓದು

ಕೇಳುಗರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಮಕ್ಕಳ ನರರೋಗ ವೈದ್ಯೆ. ಹೊರರೋಗಿ ವಿಭಾಗದಲ್ಲಿ ಕೂತರೆ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಮಕ್ಕಳ ಡಾಕ್ಟರ್ ಇದ್ದಾರೆ, ನರದ ಡಾಕ್ಟರ್ ಇದ್ದಾರೆ, ಮಕ್ಕಳ ನರಕ್ಕೆ ಇನ್ನೊಬ್ಬರು ಯಾಕೆ ಮೇಡಂ ಅಂತ. ಸರಿಯಾದ ಪ್ರಶ್ನೆ. ಅದಕ್ಕೆ ನನ್ನದೇ ಒಂದು ತಪ್ಪಿನಿಂದ ಉತ್ತರ ಶುರು ಮಾಡಬೇಕು.

ಆಗ ನಾನು ಎಂಡಿ ಎರಡನೇ ವರ್ಷ ಓದುತ್ತಿದ್ದೆ. ಜಗಳೂರು ಕಡೆಯ ಅಜ್ಜಿಯೊಬ್ಬರು ಐದು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದರು. "ಡಾಕ್ಟ್ರಮ್ಮ, ನಿದ್ದೆಯಿಂದ ಎದ್ದ ಕೂಡ್ಲೆ ಬೆಚ್ಚಿ ಬೆಚ್ಚಿ ಬೀಳ್ತೈತೆ. ತಲೆ ಬಗ್ಗಿಸಿ ಎರಡೂ ಕೈ ಮುಂದಕ್ಕೆ ತರ್ತೈತೆ, ಒಂದಾದ ಮೇಲೊಂದು ಹತ್ತು ಸಲ." ನಾನು ಹೊಟ್ಟೆ ಮುಟ್ಟಿ ನೋಡಿದೆ, ಗ್ಯಾಸ್ ಇರಬೇಕು ಅಂದೆ, ಹನಿ ಔಷಧಿ ಬರೆದುಕೊಟ್ಟೆ. ಆರು ವಾರ ಬಿಟ್ಟು ಮತ್ತೆ ಬಂದರು. ಮಗು ನಗುವುದನ್ನೇ ಬಿಟ್ಟಿತ್ತು. ಅಜ್ಜಿ ಕರೆದರೆ ಅವರ ಮುಖ ನೋಡದೆ ಎಲ್ಲೋ ನೋಡುತ್ತಿತ್ತು.

ಅದು ಫಿಟ್ಸ್ ಆಗಿತ್ತು. ನಮ್ಮ ಕಡೆ ಫಿಟ್ಸ್ ಅಂದರೆ ಬಾಯಲ್ಲಿ ನೊರೆ, ಕೈಕಾಲು ಸೆಟೆದು ಅದುರುವುದು ಅಂತಲೇ ಎಲ್ಲರ ತಲೆಯಲ್ಲಿರುತ್ತದೆ, ಅಲ್ವಾ? ಇದು ಹಾಗಲ್ಲ. ಒಂದೊಂದು ಸಲವೂ ಒಂದೆರಡು ಸೆಕೆಂಡು, ಅಷ್ಟೇ. ಇನ್‌ಫಂಟೈಲ್ ಸ್ಪಾಸಮ್ಸ್ ಅಂತ ಹೆಸರು. 1841ರಲ್ಲಿ ಇಂಗ್ಲೆಂಡಿನ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ವೈದ್ಯರು ತಮ್ಮ ಸ್ವಂತ ಮಗನಿಗೆ ಹೀಗಾಗುವುದನ್ನು ಕಂಡು, ಏನೂ ತೋಚದೆ, ಲ್ಯಾನ್ಸೆಟ್ ಪತ್ರಿಕೆಗೆ ಕಾಗದ ಬರೆದರು. ಅದಕ್ಕೇ ಇದನ್ನು ವೆಸ್ಟ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಆ ತಂದೆಯ ಹತ್ತಿರ ಔಷಧಿ ಇರಲಿಲ್ಲ. ನಮ್ಮ ಹತ್ತಿರ ಇದೆ. ಆದರೆ ತಡವಾದಷ್ಟೂ ಮಗುವಿನ ಕಲಿಕೆ ಹಿಂದೆ ಬೀಳುತ್ತದೆ, ನಾನು ಆರು ವಾರ ತಡ ಮಾಡಿದ್ದೆ.

ಆ ವರ್ಷವೇ ಮುಂದೆ ಇದನ್ನೇ ಓದಬೇಕು ಅಂತ ಗಟ್ಟಿ ಮಾಡಿಕೊಂಡೆ.

ದಾರಿ ಉದ್ದ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಮಕ್ಕಳ ವಿಭಾಗದಲ್ಲಿ ಎಂಡಿ ಮೂರು, ಆಮೇಲೆ ಮಕ್ಕಳ ನರರೋಗದಲ್ಲಿ ಇನ್ನೂ ಮೂರು. ಲೆಕ್ಕ ಹಾಕಿ, ಹನ್ನೊಂದೂವರೆ. ಎಂಡಿ ಮುಗಿದ ಮೇಲೆ ನೀಟ್ ಎಸ್‌ಎಸ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟು ಸಿಕ್ಕರೆ ಎರಡು ದಾರಿ. ಒಂದು ಡಿಎಂ ಪದವಿ, ಮೆಡಿಕಲ್ ಕಾಲೇಜುಗಳಲ್ಲಿ; ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ ಇಂಥ ಕಡೆಗೆ ಮಾತ್ರ ಐಎನ್‌ಐ ಎಸ್‌ಎಸ್ ಅನ್ನುವ ಬೇರೆಯದೇ ಪ್ರವೇಶ ಪರೀಕ್ಷೆ. ಇನ್ನೊಂದು ನ್ಯಾಷನಲ್ ಬೋರ್ಡ್ ಕೊಡುವ ಡಿಆರ್‌ಎನ್‌ಬಿ. ನನ್ನದು ಎರಡನೆಯದು.

ಈಗೀಗ ಕೆಲವು ನಾಮಫಲಕಗಳಲ್ಲಿ ಬೋರ್ಡ್ ಸರ್ಟಿಫೈಡ್ ಅಂತ ಇರುತ್ತದೆ. ಅದು ಅಮೆರಿಕದಿಂದ ಬಂದ ಮಾತು. ಅಲ್ಲಿ ಸೈಕಿಯಾಟ್ರಿಗೂ ನ್ಯೂರಾಲಜಿಗೂ ಸೇರಿ 1934ರಿಂದ ಒಂದು ಬೋರ್ಡ್ ಇದೆ. ಮಕ್ಕಳ ನರರೋಗ ತಜ್ಞರಾಗಲು ಎರಡು ವರ್ಷ ಮಕ್ಕಳ ವಿಭಾಗ, ಮೂರು ವರ್ಷ ನರ ವಿಭಾಗ ಮುಗಿಸಿ ಆ ಬೋರ್ಡಿನ ಪರೀಕ್ಷೆ ಬರೆಯುತ್ತಾರೆ. ಎಪಿಲೆಪ್ಸಿಗೇ, ಅಂದರೆ ಫಿಟ್ಸ್ ಕಾಯಿಲೆಗೇ ಅಂತ ಇನ್ನೊಂದು ಪ್ರತ್ಯೇಕ ಪರೀಕ್ಷೆಯನ್ನು 2013ರಲ್ಲಿ ಶುರು ಮಾಡಿದರು. ನಮ್ಮಲ್ಲಿ ಡಿಎಂ ಆದ ಮೇಲೆ ಎಪಿಲೆಪ್ಸಿಯನ್ನೇ ಕಲಿಯಬೇಕು ಅನ್ನುವವರು ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾದಂಥ ಕಡೆ ಫೆಲೋಶಿಪ್ ಮಾಡುತ್ತಾರೆ. ಹಾಗಾಗಿ ತಂದೆ ತಾಯಂದಿರು ಫಲಕದ ಮೇಲಿನ ದೊಡ್ಡ ಅಕ್ಷರ ನೋಡಿ ಸುಮ್ನಾಗಬೇಡಿ. ಡಿಎಂ ಅಥವಾ ಡಿಆರ್‌ಎನ್‌ಬಿ ಆಗಿದೆಯಾ, ಅದು ಮಕ್ಕಳ ನರರೋಗದಲ್ಲೇ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಒಳ್ಳೆ ವೈದ್ಯರಿಗೆ ಇದರಿಂದ ಬೇಜಾರಾಗುವುದಿಲ್ಲ.

ಸರಿ, ಆ ಮೂರು ವರ್ಷ ಏನು ಕಲಿಸುತ್ತಾರೆ? ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ತೋರಿಸುವ ಇಇಜಿ ಓದುವುದು ಒಂದು. ಮೊದಮೊದಲು ಆ ಗೆರೆಗಳು ಕಣ್ಣಿಗೆ ಏನೂ ಹೇಳುವುದಿಲ್ಲ, ನೂರಾರು ನೋಡಿದ ಮೇಲೆ, ಮಗು ಅತ್ತಿದ್ದಕ್ಕೆ ಎದ್ದ ಗೆರೆ ಯಾವುದು, ಮಿದುಳಿನಿಂದಲೇ ಬಂದದ್ದು ಯಾವುದು ಅಂತ ನಿಧಾನಕ್ಕೆ ಬೇರೆ ಬೇರೆಯಾಗಿ ಕಾಣತೊಡಗುತ್ತದೆ. ಆದರೆ ಅದಕ್ಕಿಂತ ಜಾಸ್ತಿ ಕಲಿಸುವುದು ಕೇಳುವುದನ್ನು. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಇದೆ. ಅಂಥ ಮದುವೆಗಳಲ್ಲಿ ಕೆಲವು ಕಾಯಿಲೆ ವಂಶದಿಂದ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಸಂಬಂಧದಲ್ಲೇ ಮದುವೆಯಾ, ಮೊದಲೊಂದು ಮಗು ಹೀಗೇ ತೀರಿಕೊಂಡಿತ್ತಾ ಅಂತ ಕೇಳಲೇಬೇಕು. ಒಮ್ಮೆ ನಾಲ್ಕು ತಿಂಗಳ ಮಗುವೊಂದು ಬಂತು. ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಂತಿರಲಿಲ್ಲ. ತಲೆಗೂದಲು ತೆಳ್ಳಗೆ, ಬಾಯಿ ಸುತ್ತ ಕೆಂಪು ಗುಳ್ಳೆ. ನಮ್ಮ ಗುರುಗಳು ಕೂದಲ ಮೇಲೆ ಕೈಯಾಡಿಸಿ, ಬಯೋಟಿನ್ ಕೊಡಿ ಅಂದರು. ಬಯೋಟಿನಿಡೇಸ್ ಅನ್ನುವ ಒಂದು ಕಿಣ್ವದ ಕೊರತೆ ಅದು. ಬಯೋಟಿನ್ ಅಂದರೆ ಒಂದು ವಿಟಮಿನ್, ದಿನಕ್ಕೊಂದು ಮಾತ್ರೆ. ಕೆಲವೇ ದಿನಗಳಲ್ಲಿ ಫಿಟ್ಸ್ ನಿಂತಿತು. ಅವತ್ತು ಆ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ.

ಕೊನೆಯ ಪರೀಕ್ಷೆಗೆ ಮೂರು ಪೇಪರ್, ಒಂದೊಂದೂ ಮೂರು ಗಂಟೆ. ಕೈ ನೋಯುತ್ತದೆ, ಆದರೆ ಬರೆಯಬಹುದು. ಕಷ್ಟ ಇರುವುದು ಪ್ರಾಕ್ಟಿಕಲ್‌ನಲ್ಲಿ, ಯಾಕೆಂದರೆ ಅಲ್ಲಿ ಎದುರಿಗಿರುವುದು ಮಗು, ಅದಕ್ಕೆ ನಿಮ್ಮ ಪರೀಕ್ಷೆ ಗೊತ್ತಿಲ್ಲ, ಅದಕ್ಕೆ ಹಸಿವಾಗಿರುತ್ತದೆ, ಬಿಳಿ ಕೋಟು ಕಂಡರೆ ಭಯ. ನನಗೆ ಬಂದವನು ಐದು ವರ್ಷದ ಹುಡುಗ. ಮೊಣಕಾಲು ತಟ್ಟಿ ನೋಡುವ ನಮ್ಮ ಪುಟ್ಟ ಸುತ್ತಿಗೆ ನೋಡಿದ್ದೇ ಅಳಲು ಶುರು ಮಾಡಿದ. ನಾನು ಸುತ್ತಿಗೆ ಪಕ್ಕಕ್ಕಿಟ್ಟು ಅವನ ಜೊತೆ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಹತ್ತಿರ ನಿಂತಿದ್ದ ಅಮ್ಮನಿಗೆ ಬಿಸ್ಕತ್ತು ಕೊಟ್ಟು ಬಾ ಅಂದೆ. ಅವನು ಏಳುವಾಗ ಮೊದಲು ಕೈ ನೆಲಕ್ಕೆ ಊರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ, ತನ್ನ ಮೈಯನ್ನೇ ತಾನು ಹತ್ತಿಕೊಂಡು ನಿಂತ. ಸೊಂಟ, ತೊಡೆಯ ಸ್ನಾಯು ಸೋತಿದೆ ಅನ್ನುವುದಕ್ಕೆ ಇನ್ನೇನು ಬೇಕು? ಪರೀಕ್ಷಕರು ಒಂದು ನಿಮಿಷ ಏನೂ ಕೇಳಲಿಲ್ಲ.

ಪಾಸಾದ ಮೇಲೆ ಬೆಂಗಳೂರಲ್ಲೇ ಉಳಿ ಅಂದವರು ಬಹಳ ಜನ. ಹರಪನಹಳ್ಳಿ, ಮೊಳಕಾಲ್ಮೂರು, ಹೊಸದುರ್ಗದಿಂದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ರಾತ್ರಿ ಬಸ್ಸು ಹತ್ತುವ ತಾಯಂದಿರನ್ನು ನಾನು ಅಲ್ಲಿಯ ವಾರ್ಡುಗಳಲ್ಲಿ ನೋಡಿದ್ದೆ. ಊರಿಗೆ ಬಂದೆ. ಈಗ ಎಂಡಿ ಓದುತ್ತಿರುವ ತಮ್ಮ ತಂಗಿಯರು ಯಾರಾದರೂ ಕೇಳುತ್ತಿದ್ದರೆ, ಒಂದು ದಿನ ಬಂದು ನನ್ನ ಪಕ್ಕ ಕೂತು ನೋಡಿ, ಇಲ್ಲಿ ಇನ್ನೂ ನಾಲ್ಕು ಜನಕ್ಕೆ ಆಗುವಷ್ಟು ಕೆಲಸ ಇದೆ.

ಬಂದ ಮೊದಲ ತಿಂಗಳಲ್ಲೇ ಹರಿಹರದ ಒಬ್ಬ ತಾಯಿ ಮೊಬೈಲ್ ಮುಂದೆ ಹಿಡಿದರು. ಮನೆಯಲ್ಲಿ ಎಲ್ಲರೂ ಬಾಲಗ್ರಹ, ತಾಯಿತ ಕಟ್ಟಿಸು ಅಂದರಂತೆ. ಆಕೆ ಮಾತ್ರ ವಿಡಿಯೋ ಮಾಡಿಟ್ಟುಕೊಂಡಿದ್ದರು. ಹನ್ನೆರಡು ಸೆಕೆಂಡು. ಆರು ತಿಂಗಳ ಹೆಣ್ಣುಮಗು ನಿದ್ದೆಯಿಂದ ಎದ್ದು ತಲೆ ಬಗ್ಗಿಸಿ ಎರಡೂ ಕೈ ಮುಂದಕ್ಕೆ ತರುತ್ತದೆ. ಮತ್ತೆ. ಮತ್ತೆ.

ಅವತ್ತು ಸಂಜೆಯೇ ಇಇಜಿ ಮಾಡಿಸಿದೆವು. ಮರುದಿನ ಬೆಳಿಗ್ಗೆ ಔಷಧಿ ಶುರುವಾಯಿತು.